ಮೇಯ್ನ್‌ನಲ್ಲಿ ಸೂಸನ್ ಕಾಲಿನ್ಸ್ ಗೆದ್ದದ್ದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ಈಶಾನ್ಯ ಮೂಲೆಯ ಮೇಯ್ನ್ ರಾಜ್ಯದಲ್ಲಿ 2020ರ ನವೆಂಬರ್‌ನಲ್ಲಿ ನಡೆದ ಸೆನೆಟ್ (ಅಮೆರಿಕ ಸಂಸತ್ತಿನ ಮೇಲ್ಮನೆ) ಚುನಾವಣೆಯ ಕುರಿತು ಪತ್ರಗಳು ಬರುವುದು ಇನ್ನೂ ನಿಂತಿಲ್ಲ. ಆರು ವರ್ಷದ ಅವಧಿ ಮುಗಿದು 2026ರಲ್ಲಿ ಅದೇ ಸ್ಥಾನದ ಸರದಿ ಬಂದಿರುವುದರಿಂದ ಹಳೆಯ ತಪ್ಪು ಕಲ್ಪನೆಗಳೆಲ್ಲ ಹೊಸ ಉತ್ಸಾಹದಿಂದ ಓಡಾಡತೊಡಗಿವೆ. ಎಲ್ಲರಿಗೂ ಬೇರೆ ಬೇರೆ ಉತ್ತರ ಬರೆಯುವ ತಾಳ್ಮೆ ನನಗಿಲ್ಲವಾದ್ದರಿಂದ ಒಟ್ಟಿಗೇ ಬರೆಯುತ್ತಿದ್ದೇನೆ.

ಪ್ರಶ್ನೆ: ಹಾಲಿ ಸೆನೆಟರ್ ಕಾಲಿನ್ಸ್ ಅವರಿಗಿಂತ ಎರಡು ಪಟ್ಟಿಗೂ ಹೆಚ್ಚು ಹಣ ಸಂಗ್ರಹಿಸಿದ್ದ, ಸಮೀಕ್ಷೆಗಳಲ್ಲೂ ಮುಂದಿದ್ದ ಸಾರಾ ಗಿಡಿಯನ್ ಸೋತದ್ದು ಹೇಗೆ? ಅದೇ ದಿನ ಆ ರಾಜ್ಯದಲ್ಲಿ ಬೈಡನ್ ಗೆದ್ದಿದ್ದರಲ್ಲ? ಮತಯಂತ್ರದಲ್ಲಿ ಏನಾದರೂ ನಡೆದಿತ್ತೇ?

ಉತ್ತರ: ಕೊನೆಯ ಸಂಶಯವನ್ನು ಮೊದಲು ಮುಗಿಸೋಣ. ಮೇಯ್ನ್‌ನಲ್ಲಿ ಮತ ಹಾಕುವುದು ಕಾಗದದ ಮತಪತ್ರದಲ್ಲಿ. ದೊಡ್ಡ ಊರುಗಳಲ್ಲಿ ಅದನ್ನು ಸ್ಕ್ಯಾನರ್ ಎಣಿಸುತ್ತದೆ, ಹಲವು ಸಣ್ಣ ಊರುಗಳಲ್ಲಿ ಇಂದಿಗೂ ಕೈಯಿಂದಲೇ ಎಣಿಸುತ್ತಾರೆ. ಸೋಲು ಅರ್ಥವಾಗದಿದ್ದಾಗಲೆಲ್ಲ ಯಂತ್ರದ ಕಡೆ ಬೆರಳು ತೋರಿಸುವ ಚಟ ನಮ್ಮಲ್ಲೂ ಇದೆ, ಅವರಲ್ಲೂ ಇದೆ; ಅದಕ್ಕೆ ಮದ್ದು ನನ್ನ ಬಳಿ ಇಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಬೈಡನ್ ಅವರಿಗೆ ಮೇಯ್ನ್‌ನಲ್ಲಿ ಸುಮಾರು 4.35 ಲಕ್ಷ ಮತಗಳು ಬಂದವು. ಅವರದೇ ಡೆಮಾಕ್ರಟಿಕ್ ಪಕ್ಷದ ಗಿಡಿಯನ್ ಅವರಿಗೆ ಬಂದದ್ದು ಸುಮಾರು 3.47 ಲಕ್ಷ. ರಿಪಬ್ಲಿಕನ್ ಪಕ್ಷದ ಟ್ರಂಪ್ ಸುಮಾರು 3.6 ಲಕ್ಷಕ್ಕೆ ನಿಂತರೆ, ಅದೇ ಪಕ್ಷದ ಕಾಲಿನ್ಸ್ 4.17 ಲಕ್ಷ ದಾಟಿದರು. ಅಂದರೆ ಹತ್ತಾರು ಸಾವಿರ ಮಂದಿ ಒಂದೇ ದಿನ ಅಧ್ಯಕ್ಷರ ಸಾಲಿನಲ್ಲಿ ಒಂದು ಪಕ್ಷಕ್ಕೂ ಸೆನೆಟಿನ ಸಾಲಿನಲ್ಲಿ ಇನ್ನೊಂದು ಪಕ್ಷಕ್ಕೂ ಗುರುತು ಹಾಕಿ ಮನೆಗೆ ಹೋದರು. ಒಂದೇ ಗುರುತಿನಿಂದ ಇಡೀ ಪಕ್ಷಕ್ಕೆ ಮತ ಹಾಕುವ ಅವಕಾಶ ಅಲ್ಲಿನ ಮತಪತ್ರದಲ್ಲಿಲ್ಲ; ಒಂದೊಂದು ಸ್ಥಾನಕ್ಕೂ ಬೇರೆಯಾಗಿಯೇ ಗುರುತು ಹಾಕಬೇಕು. 1984ರ ಡಿಸೆಂಬರ್‌ನಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟು, ಮೂರು ತಿಂಗಳು ತುಂಬುವುದರೊಳಗೆ ವಿಧಾನಸಭೆಗೆ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷವನ್ನು ಬಹುಮತದಿಂದ ಆರಿಸಿದ ಮತದಾರರ ನಾಡಿನವರು ಇದನ್ನು ಕಂಡು ಬೆರಗಾಗುವುದೇ ನನಗೆ ಬೆರಗು.

ಇದು ಮೊದಲ ಸಲವೂ ಅಲ್ಲ. 2008ರಲ್ಲಿ ಒಬಾಮಾ ಮೇಯ್ನ್ ರಾಜ್ಯವನ್ನು ಭಾರೀ ಅಂತರದಿಂದ ಗೆದ್ದಾಗಲೇ ಕಾಲಿನ್ಸ್ ಶೇ 61ರಷ್ಟು ಮತ ಪಡೆದಿದ್ದರು. 2014ರಲ್ಲಿ ಅದು ಶೇ 68ಕ್ಕೇರಿತ್ತು. ಈ ಎರಡು ಅಂಕಿಗಳನ್ನು ನೋಡದೆಯೇ 'ಕಾಲಿನ್ಸ್ ಯುಗಾಂತ್ಯ' ಎಂದು ಷರಾ ಬರೆದ ವಿಶ್ಲೇಷಕರ ಮಾತನ್ನು ನಮ್ಮ ಓದುಗರು ನನಗೆ ಕತ್ತರಿಸಿ ಕಳುಹಿಸುತ್ತಾರೆ. ಆದರೆ ಇದರ ಇನ್ನೊಂದು ಮಗ್ಗುಲನ್ನೂ ಗಮನಿಸಬೇಕು: 2020ರಲ್ಲಿ ಅವರಿಗೆ ಸಿಕ್ಕಿದ್ದು ಶೇ 51 ಮಾತ್ರ. ಆರು ವರ್ಷದಲ್ಲಿ ಹದಿನೇಳು ಶೇಕಡಾ ಅಂಶಗಳಷ್ಟು ಕುಸಿತವೆಂದರೆ ಸಿಟ್ಟು ನಿಜವಾಗಿಯೂ ಇತ್ತು ಎಂದರ್ಥ. ಅವರನ್ನು ಇಳಿಸುವಷ್ಟು ಇರಲಿಲ್ಲ, ಅಷ್ಟೇ.

ಆ ಸಿಟ್ಟಿನ ಮೂಲ 2018ರ ಅಕ್ಟೋಬರ್ 6. ಅಂದು, ಟ್ರಂಪ್ ಹೆಸರಿಸಿದ್ದ, ಲೈಂಗಿಕ ದೌರ್ಜನ್ಯದ ಆರೋಪ ಹೊತ್ತು ಅದನ್ನು ನಿರಾಕರಿಸಿದ್ದ ನ್ಯಾಯಾಧೀಶ ಬ್ರೆಟ್ ಕವನಾ ಅವರನ್ನು ಸುಪ್ರೀಂ ಕೋರ್ಟಿಗೆ ನೇಮಿಸುವ ನಿರ್ಣಯ ಸೆನೆಟಿನಲ್ಲಿ 50–48ರಿಂದ ಗೆದ್ದಿತು, ಕಾಲಿನ್ಸ್ ಅದರ ಪರ ಮತ ಹಾಕಿದ್ದರು. ಅವರು ಹಾಗೆ ಮತ ಹಾಕಿದರೆ ಮುಂದಿನ ಎದುರಾಳಿಗೆ ಕೊಡುವುದಾಗಿ ದೇಶದ ನಾನಾ ಕಡೆಯ ಜನ ಅಂತರ್ಜಾಲದಲ್ಲಿ ಲಕ್ಷಾಂತರ ಡಾಲರ್ ವಾಗ್ದಾನ ಮಾಡಿದ್ದರು. ಇಲ್ಲಿಯೇ ನಮ್ಮ ಓದುಗರು ಎಡವುವುದು. ಅಭ್ಯರ್ಥಿ ಯಾರೆಂದು ಗೊತ್ತಾಗುವ ಮುನ್ನವೇ ಬಂದ ಹಣ ಯಾರ ಮೇಲಿನ ಪ್ರೀತಿಯೂ ಅಲ್ಲ, ಒಬ್ಬರ ಮೇಲಿನ ಕೋಪ. ಮತ್ತು ಕೋಪಗೊಂಡವರಲ್ಲಿ ಬಹಳ ಮಂದಿಗೆ ಮೇಯ್ನ್‌ನಲ್ಲಿ ಮತವೇ ಇರಲಿಲ್ಲ. ಗಿಡಿಯನ್ ಸಂಗ್ರಹಿಸಿದ್ದು ಏಳು ಕೋಟಿ ಡಾಲರ್‌ಗೂ ಹೆಚ್ಚು. ರಾಜ್ಯದ ಜನಸಂಖ್ಯೆಯೋ 13.6 ಲಕ್ಷ. ಪೋರ್ಟ್‌ಲೆಂಡ್, ಬ್ಯಾಂಗರ್ ಟಿವಿ ವಾಹಿನಿಗಳಲ್ಲಿ ಜಾಹೀರಾತಿಗೆ ಕೊಳ್ಳಲು ಎಷ್ಟು ಹೊತ್ತು ತಾನೇ ಸಿಕ್ಕೀತು? ಚುನಾವಣೆ ಮುಗಿದಾಗ ಅವರ ಖಾತೆಯಲ್ಲಿ ಒಂದು ಕೋಟಿ ಡಾಲರ್‌ಗೂ ಹೆಚ್ಚು ಹಣ ಖರ್ಚಾಗದೆ ಉಳಿದಿತ್ತು. ಹಣ ಸಾಲದೆ ಸೋತರು ಎನ್ನುವವರು ಈ ವಾಕ್ಯವನ್ನು ಇನ್ನೊಮ್ಮೆ ಓದಬೇಕು.

ಹಾಗಾದರೆ ಕಾಲಿನ್ಸ್ ಅವರ ಬಲ ಎಲ್ಲಿತ್ತು? ಅವರು ಉತ್ತರದ ಅರೂಸ್ಟುಕ್ ಕೌಂಟಿಯ, ಆಲೂಗಡ್ಡೆ ಬೆಳೆಯುವ ಸೀಮೆಯ ಕ್ಯಾರಿಬೂ ಎಂಬ ಪುಟ್ಟ ಊರಿನವರು. ಮನೆತನದ್ದು ಮರದ ವ್ಯಾಪಾರ. ತಂದೆ, ತಾಯಿ ಇಬ್ಬರೂ ಆ ಊರಿನ ಮೇಯರ್ ಆಗಿದ್ದವರು. ಸೆನೆಟಿನಲ್ಲಿ ಅವರು ಸರ್ಕಾರದ ಹಣ ಎಲ್ಲಿಗೆ ಎಷ್ಟು ಹೋಗಬೇಕೆಂದು ನೋಡುವ ಅನುದಾನ ಸಮಿತಿಯಲ್ಲಿದ್ದರು; ನೌಕಾಪಡೆಗೆ ಯುದ್ಧನೌಕೆ ಕಟ್ಟುವ ಬಾತ್ ಐರನ್ ವರ್ಕ್ಸ್‌ನ ಸಾವಿರಾರು ಕುಟುಂಬಗಳಿಗೆ ಆ ಸಮಿತಿ ಎಂದರೆ ಏನೆಂದು ಯಾರೂ ವಿವರಿಸಬೇಕಿರಲಿಲ್ಲ. ಕೋವಿಡ್ ಕಾಲದಲ್ಲಿ ಸಣ್ಣ ಉದ್ಯಮಗಳಿಗೆ ಸಂಬಳ ಕೊಡಲು ನೆರವಾದ ಸಾಲ ಯೋಜನೆಯನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. ಎದುರಾಳಿ ಗಿಡಿಯನ್ ರಾಜ್ಯದ ಕೆಳಮನೆಯ ಸ್ಪೀಕರ್ ಆಗಿದ್ದರೂ ಹುಟ್ಟಿದ್ದು ರೋಡ್ ಐಲೆಂಡ್‌ನಲ್ಲಿ; ಕಾಲಿನ್ಸ್ ಪಾಳಯ ಅದನ್ನು ಜನ ಮರೆಯಲು ಬಿಡಲಿಲ್ಲ. ಮೇಯ್ನ್‌ನ ಮನೆಮನೆಗೂ ಪರಿಚಿತರಾಗಿದ್ದ ನಿವೃತ್ತ ಟಿವಿ ವರದಿಗಾರ ಬಿಲ್ ಗ್ರೀನ್ ಒಂದು ಜಾಹೀರಾತಿನಲ್ಲಿ ಕಾಣಿಸಿಕೊಂಡು ಕಾಲಿನ್ಸ್ ಪರ ಮಾತಾಡಿದರು. ಹೊರರಾಜ್ಯದ ಹಣದಲ್ಲಿ ತಯಾರಾದ ನೂರು ಜಾಹೀರಾತುಗಳಿಗಿಂತ ಅದು ಹೆಚ್ಚು ಮುಟ್ಟಿತೆಂಬುದು ನನ್ನ ಅಂದಾಜು; ಅಳೆದು ತೋರಿಸಲಾಗದು. ಎರಡೇ ಅವಧಿ ಸಾಕೆಂದು ಮೊದಲ ಸಲ ಗೆದ್ದ 1996ರಲ್ಲಿ ಕೊಟ್ಟಿದ್ದ ಮಾತನ್ನು ಕಾಲಿನ್ಸ್ ಯಾವಾಗಲೋ ಗಾಳಿಗೆ ತೂರಿದ್ದರು ಎಂಬುದನ್ನು ಅವರ ಅಭಿಮಾನಿಗಳಿಗೂ ನೆನಪಿಸಬೇಕಾಗುತ್ತದೆ.

ಸಮೀಕ್ಷೆಗಳ ಬಗ್ಗೆ ಹೇಳಬೇಕಾದ್ದು ಇಷ್ಟೇ. 2020ರ ಬೇಸಿಗೆಯಿಂದ ಹೊರಬಂದವುಗಳಲ್ಲಿ ಬಹುತೇಕ ಎಲ್ಲವೂ ಗಿಡಿಯನ್ ಮುಂದೆ ಎಂದವು. ಸೆಪ್ಟೆಂಬರ್‌ನ ಒಂದರಲ್ಲಿ ಅಂತರ ಹನ್ನೆರಡು ಅಂಶಗಳಷ್ಟಿತ್ತು. ಅವರು ಸೋತದ್ದು ಸುಮಾರು ಒಂಬತ್ತು ಅಂಶಗಳಿಂದ. ಎಲ್ಲ ಸಮೀಕ್ಷೆಗಳೂ ಒಂದೇ ದಿಕ್ಕಿಗೆ ತಪ್ಪಿದಾಗ ಅವುಗಳ ಸರಾಸರಿ ತೆಗೆಯುವುದರಿಂದ ತಪ್ಪು ಕರಗುವುದಿಲ್ಲ. ಇಷ್ಟು ತಿಳಿಯದೆ ಯೂಟ್ಯೂಬಿನಲ್ಲಿ ಬಣ್ಣದ ನಕ್ಷೆ ಹಿಡಿದು ಶೇಕಡಾವಾರು 'ಗೆಲುವಿನ ಸಾಧ್ಯತೆ' ಮಾರುವವರಿಗೂ ಜಾತಕ ನೋಡಿ ಮುಖ್ಯಮಂತ್ರಿಯನ್ನು ಆರಿಸುವವರಿಗೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಪ್ರಶ್ನೆ: ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಎಂದು ಕ್ರಮ ಕೊಟ್ಟು ಮತ ಹಾಕುವ ಪ್ರಾಶಸ್ತ್ಯದ ಮತ ಪದ್ಧತಿ ಕಾಲಿನ್ಸ್ ಅವರನ್ನು ಗೆಲ್ಲಿಸಿತು ಎನ್ನುತ್ತಾರೆ, ನಿಜವೇ?

ಉತ್ತರ: ಸುಳ್ಳು. ಮೊದಲ ಪ್ರಾಶಸ್ತ್ಯದಲ್ಲೇ ಅರ್ಧಕ್ಕಿಂತ ಹೆಚ್ಚು ಮತ ಬಂದದ್ದರಿಂದ ಎರಡನೆಯದನ್ನು ಎಣಿಸಲೇ ಇಲ್ಲ.

ಪ್ರಶ್ನೆ: ಗಿಡಿಯನ್ ಅವರ ತಂದೆ ಭಾರತ ಮೂಲದವರಂತೆ. ಭಾರತೀಯರು ಒಗ್ಗಟ್ಟಾಗಿದ್ದರೆ ಫಲಿತಾಂಶ ಬದಲಾಗುತ್ತಿತ್ತಲ್ಲವೇ?

ಉತ್ತರ: ತಂದೆಯ ವಿಷಯ ನಿಜ. ಉಳಿದದ್ದು ಕನಸು, ಅಂತರ ಸುಮಾರು 70 ಸಾವಿರ ಮತಗಳದ್ದು, ಅಷ್ಟು ಭಾರತೀಯರು ಆ ರಾಜ್ಯದಲ್ಲಿಲ್ಲ.

ಪ್ರಶ್ನೆ: ಹಾಗಾದರೆ ಮೇಯ್ನ್‌ನಲ್ಲಿ ಹಾಲಿ ಸೆನೆಟರ್ ಸೋಲುವುದೇ ಇಲ್ಲವೇ?

ಉತ್ತರ: ಸೋಲುತ್ತಾರೆ. ಇದೇ ಸ್ಥಾನದಲ್ಲಿ ನಾಲ್ಕು ಅವಧಿ ಕುಳಿತಿದ್ದ, ದೇಶವೇ ಗೌರವಿಸುತ್ತಿದ್ದ ಮಾರ್ಗರೆಟ್ ಚೇಸ್ ಸ್ಮಿತ್ 1972ರಲ್ಲಿ ವಿಲಿಯಂ ಹ್ಯಾಥವೇ ಎದುರು ಸೋತರು. ಆ ಹ್ಯಾಥವೇ 1978ರಲ್ಲಿ ವಿಲಿಯಂ ಕೊಹೆನ್ ಎದುರು ಸೋತರು. 2026ರ ಭವಿಷ್ಯ ಕೇಳಿದವರಿಗೂ ಇದೇ ಉತ್ತರ. ಇದಕ್ಕಿಂತ ಹೆಚ್ಚು ನನ್ನಿಂದ ಹೊರಡುವುದಿಲ್ಲ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿ ಬಾಸ್ಟನ್ ಬಳಿ ಇದ್ದೇನೆ. ಈ ಸ್ಥಾನದ ಅಭ್ಯರ್ಥಿಯೊಬ್ಬರಿಗೆ ಐವತ್ತು ಡಾಲರ್ ದೇಣಿಗೆ ಕೊಡಬಹುದೇ?

ಉತ್ತರ: ಕೊಡಬಾರದು, ಐವತ್ತಲ್ಲ, ಐದೂ ಬೇಡ. ಅಮೆರಿಕದ ಚುನಾವಣೆಗೆ ದೇಣಿಗೆ ಕೊಡುವ ಹಕ್ಕು ಪ್ರಜೆಗಳಿಗೂ ಗ್ರೀನ್ ಕಾರ್ಡ್ ಪಡೆದವರಿಗೂ ಇದೆ, ವೀಸಾದಲ್ಲಿರುವವರಿಗೆ ಇಲ್ಲ. ನಿಮ್ಮ ಹಣವನ್ನು ಪ್ರಜೆಯಾಗಿರುವ ಬಂಧುವಿನ ಹೆಸರಿನಲ್ಲಿ ಕೊಡುವ ಜಾಣತನವೂ ಕಾನೂನಿನ ಪ್ರಕಾರ ಅಪರಾಧವೇ. ಗ್ರೀನ್ ಕಾರ್ಡ್ ಇದ್ದವರು ದೇಣಿಗೆ ಕೊಡಬಹುದು, ಆದರೆ ಮತ ಹಾಕುವಂತಿಲ್ಲ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮುಂದೆ ಬರುವ ಮತದಾರರ ನೋಂದಣಿ ನಮೂನೆಗೆ ಓದದೆ ಸಹಿ ಹಾಕಿದರೆ ಮುಂದೆ ಪೌರತ್ವದ ಅರ್ಜಿಯೇ ತೊಡಕಿಗೆ ಸಿಲುಕಬಹುದು. ಪ್ರಚಾರದ ಕಚೇರಿಯಲ್ಲಿ ಸಂಬಳವಿಲ್ಲದೆ ಸ್ವಯಂಸೇವೆ ಮಾಡಲು ಕಾನೂನಿನ ಅಡ್ಡಿಯಿಲ್ಲವಾದರೂ ಅವರ ತೀರ್ಮಾನಗಳಲ್ಲಿ ಕೈ ಹಾಕುವಂತಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಅದನ್ನೂ ಮಾಡುವ ಮುನ್ನ ವಲಸೆ ವಕೀಲರೊಬ್ಬರನ್ನು ಕೇಳುತ್ತಿದ್ದೆ.