ಕುಂಬಳದ ಮಿಡಿ ಉದುರುತ್ತಿದೆಯೇ? ಬೆಳಿಗ್ಗೆ ಬೇಗ ಏಳಿ

ಪ್ರಶ್ನೆ: ಬೆಂಗಳೂರಿನ ನಮ್ಮ ಮೂರನೇ ಮಹಡಿಯ ತಾರಸಿಯಲ್ಲಿ ‘ಜಾಕ್ ಬಿ ಲಿಟಲ್’ ಎಂಬ ಪುಟಾಣಿ ಕುಂಬಳದ ಎರಡು ಬಳ್ಳಿಗಳಿವೆ. ಹೂವು ರಾಶಿ ರಾಶಿ. ಆದರೆ ಗೋಲಿಯಷ್ಟಾದ ಮಿಡಿಗಳು ಹಳದಿಯಾಗಿ ಉದುರುತ್ತವೆ. ಎರಡು ಸಲ ಗೊಬ್ಬರ ಹಾಕಿದೆ. ಎಲೆ ಜಾಸ್ತಿಯಾಯಿತು, ಕಾಯಿ ಮಾತ್ರ ನಿಲ್ಲಲಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಗೊಬ್ಬರ ನಿಲ್ಲಿಸಿ. ಬಳ್ಳಿಗೆ ಹಸಿವಾಗಿಲ್ಲ. ಸಾರಜನಕ ಹೆಚ್ಚಾದರೆ ಎಲೆಯದೇ ದರ್ಬಾರು. ಮಿಡಿ ಉದುರುತ್ತಿರುವುದು ಬಹುಶಃ ಪರಾಗ ಸಿಗದೆ. ಮೂರನೇ ಮಹಡಿಯ ತಾರಸಿಗೆ ತುಡುವೆ, ಮಿಸರಿ ಜೇನು ಬರುವುದೇ ಅಪರೂಪ ಅಲ್ವಾ?

ಕುಂಬಳದಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಉದ್ದನೆಯ ಸಪೂರ ತೊಟ್ಟಿನದು ಗಂಡು. ದಳದ ಕೆಳಗೆ ಪುಟ್ಟ ಗುಂಡು ಕಾಯಿ ಹೊತ್ತದ್ದು ಹೆಣ್ಣು. ಆ ಗುಂಡನ್ನು ನೋಡಿಯೇ ‘ಕಾಯಿ ಕಚ್ಚಿತು’ ಎಂದು ನಾವು ಖುಷಿಪಡುವುದು. ನಿಜಕ್ಕೂ ಅದಿನ್ನೂ ಕಚ್ಚಿರುವುದಿಲ್ಲ! ಪರಾಗ ಬೀಳದಿದ್ದರೆ ನಾಲ್ಕಾರು ದಿನದಲ್ಲಿ ಹಳದಿಯಾಗಿ ಉದುರುತ್ತದೆ.

ಹಾಗಾಗಿ ಜೇನಿನ ಕೆಲಸ ನೀವೇ ಮಾಡಿ. ಹೂವು ಬೆಳಗಿನ ಜಾವ ಅರಳಿ, ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಆರರಿಂದ ಒಂಬತ್ತು ಗಂಟೆಯೊಳಗೆ ಅಂದೇ ಅರಳಿದ ಗಂಡು ಹೂವೊಂದನ್ನು ಕಿತ್ತು, ದಳ ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿನ ಅಂಟು ಭಾಗದ ಸುತ್ತಲೂ ಮೆತ್ತಗೆ ಉಜ್ಜಿ. ಒಂದು ಕಡೆ ಮಾತ್ರ ತಾಗಿದರೆ ಕಾಯಿ ಸೊಟ್ಟಗಾಗಬಹುದು. ಮಳೆ ಬಂದು ಪುಡಿ ತೊಯ್ದಿದ್ದರೆ ಅಂದು ಬಿಟ್ಟುಬಿಡಿ. ಮಿಕ್ಕ ಗಂಡು ಹೂಗಳನ್ನು ಬಜ್ಜಿ ಮಾಡಿ, ಸುಮ್ನೆ ಯಾಕೆ ಬಾಡಿಸುತ್ತೀರಿ.

ಪರಾಗ ಸಿಕ್ಕ ಮೇಲೂ ಮಿಡಿ ಕೊಳೆತರೆ ಒಡೆದು ನೋಡಿ. ಒಳಗೆ ಬಿಳಿ ಹುಳುಗಳಿದ್ದರೆ ಅದು ಹಣ್ಣುನೊಣದ ಕಾಟ. ಬಿದ್ದದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಕವರಿನಲ್ಲಿ ಬಿಗಿದು ಕಟ್ಟಿ ಎಸೆಯಿರಿ. ಕಚ್ಚಿದ ಕಾಯಿಗೆ ಕೂಡಲೇ ತೆಳು ಬಟ್ಟೆಯ ಚೀಲ ತೊಡಿಸಿ, ಗಂಡು ನೊಣಗಳನ್ನು ಸೆಳೆದು ಹಿಡಿಯುವ ಕ್ಯೂ ಲ್ಯೂರ್ ಬಲೆಯೊಂದನ್ನು ತೂಗುಹಾಕಿ. ಈ ನೊಣದಿಂದ ರೋಸಿ ಹೋಗಿದ್ದರೆ ಮುಂದಿನ ಸಲ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ‘ಅರ್ಕಾ ಸೂರ್ಯಮುಖಿ’ ಕುಂಬಳ ಹಾಕಿ. ಕಾಯಿ ಅಂಗೈಯಲ್ಲಿ ಕೂರುವಷ್ಟು ಚಿಕ್ಕದಲ್ಲ, ಸುಮಾರು ಒಂದು ಕಿಲೋ ತೂಗುತ್ತದೆ. ಆದರೆ ಹಣ್ಣುನೊಣವನ್ನು ತಡೆದುಕೊಳ್ಳುವ ತಳಿ.

ಕೊಯ್ಲಿಗೆ ಬಿತ್ತಿದಲ್ಲಿಂದ ಸುಮಾರು 90ರಿಂದ 100 ದಿನ ಬೇಕು. ಉಗುರು ಒತ್ತಿದರೆ ಸಿಪ್ಪೆ ಒಳಗಿಳಿಯಬಾರದು. ಎರಡು ಇಂಚು ತೊಟ್ಟು ಬಿಟ್ಟು ಕತ್ತರಿಸಿ. ತೊಟ್ಟು ಮುರಿದ ಕಾಯಿ ಬೇಗ ಕೊಳೆಯುತ್ತದೆ.

ಪ್ರಶ್ನೆ: ಇದೇ ಪುಟಾಣಿ ಕುಂಬಳದ ಕಳೆದ ವರ್ಷದ ಕಾಯಿಯ ಬೀಜವನ್ನೇ ಬಿತ್ತಿದೆ. ಈ ಸಲದ ಕಾಯಿ ವಿಪರೀತ ಕಹಿ. ಕಳೆದ ವರ್ಷ ಪಕ್ಕದ ಕುಂಡದಲ್ಲಿ ಅಲಂಕಾರಕ್ಕೆ ಇಡುವ ಬಣ್ಣದ ಗೋರ್ಡ್ (ಕುಂಬಳದಂಥ ಕಾಯಿ) ಬಳ್ಳಿ ಇತ್ತು.

ಉತ್ತರ: ಅದರ ಪರಾಗವೇ ಬೆರೆತಿರಬೇಕು. ಎರಡೂ ಒಂದೇ ಜಾತಿ. ಬೆರೆತ ವರ್ಷದ ಕಾಯಿ ಚೆನ್ನಾಗಿಯೇ ಇರುತ್ತದೆ, ಅದರ ಬೀಜದಿಂದ ಹುಟ್ಟಿದ ಬಳ್ಳಿಯಲ್ಲಿ ಕಹಿ ಕಾಣಿಸಿಕೊಳ್ಳುತ್ತದೆ. ನಮ್ಮ ಊರ ಸಿಹಿಗುಂಬಳ ಬೇರೆ ಜಾತಿ, ಅದು ಇದರೊಂದಿಗೆ ಸುಲಭಕ್ಕೆ ಬೆರೆಯದು. ಆ ಕಹಿ ಕಾಯಿ ಮಾತ್ರ ತಿನ್ನಬೇಡಿ. ಕುಕುರ್ಬಿಟಾಸಿನ್ ಎಂಬ ಈ ವಿಷ ಬೇಯಿಸಿದರೂ ಹೋಗುವುದಿಲ್ಲ, ವಾಂತಿ ಭೇದಿ ತರುತ್ತದೆ. ಬಳ್ಳಿಯನ್ನೇ ಕಿತ್ತುಹಾಕಿ.