ಮಂಕಾಗುವುದು ದೂರದರ್ಶಕದ ದೋಷವಲ್ಲ

ಎಂ82 ಗ್ಯಾಲಕ್ಸಿಯ ಎಕ್ಸ್-2 ಎಂಬ ಎಕ್ಸ್-ರೇ ಮೂಲ ಒಂದು ಚಿತ್ರದಲ್ಲಿ ಜೋರಾಗಿ ಹೊಳೆಯುತ್ತದೆ, ಇನ್ನೊಂದರಲ್ಲಿ ತೀರಾ ಮಂಕು, ಇದು ದೂರದರ್ಶಕದ ದೋಷವೇ ಎಂದು ಕೇಳಿದ್ದೀರಿ. ಅಲ್ಲ. ಅದರ ಬೆಳಕೇ ನಿಜವಾಗಿ ಏರಿಳಿಯುತ್ತದೆ.

ಇಂಥ ಅತಿ ಪ್ರಖರ ಎಕ್ಸ್-ರೇ ಮೂಲಗಳೆಲ್ಲ ಕಪ್ಪುಕುಳಿಗಳೇ ಇರಬೇಕು ಎಂದು ಬಹಳ ಜನ ನಂಬಿದ್ದರು. 2014ರಲ್ಲಿ ನುಸ್ಟಾರ್ ಎಂಬ ಎಕ್ಸ್-ರೇ ದೂರದರ್ಶಕ ನೋಡಿದಾಗ ಎಕ್ಸ್-2 ಸುಮಾರು 1.37 ಸೆಕೆಂಡಿಗೊಮ್ಮೆ ಮಿಡಿಯುತ್ತಿತ್ತು! ಕಪ್ಪುಕುಳಿ ಹೀಗೆ ಗಡಿಯಾರದಂತೆ ಮಿಡಿಯಲಾರದು. ಅಂದರೆ ಅದು ತಿರುಗುವ ನ್ಯೂಟ್ರಾನ್ ನಕ್ಷತ್ರ, ಸತ್ತ ದೊಡ್ಡ ನಕ್ಷತ್ರವೊಂದರ ತೀರಾ ದಟ್ಟವಾದ ಉಳಿಕೆ. ನನಗೆ ಈ ಕ್ಷೇತ್ರದಲ್ಲೇ ಅತಿ ಸುಂದರ ಅನ್ನಿಸುವ ಸಂಗತಿ ಇದು.

ಈ ಮಿಡಿತದ ಜೊತೆ ನಿಧಾನದ ಏರಿಳಿತವೂ ಇದೆ. ಎಕ್ಸ್-2ರಲ್ಲಿ ಅದು ಸುಮಾರು 60 ದಿನ, ಎನ್‌ಜಿಸಿ 5907 ಗ್ಯಾಲಕ್ಸಿಯ ಇಂಥದೇ ಮೂಲದಲ್ಲಿ ಸುಮಾರು 78 ದಿನ. ಸುತ್ತಲಿನ ಅನಿಲದ ತಟ್ಟೆ ಬುಗುರಿಯಂತೆ ಓಲಾಡಿ ಆ ಬೆಳಕನ್ನು ಆಗಾಗ ನಮ್ಮಿಂದ ಮರೆಮಾಡುತ್ತದೆ ಎಂಬುದು ಮುಖ್ಯ ವಿವರಣೆ.

ಪೂರ್ತಿ ಮಂಕಾಗಲು ಇನ್ನೊಂದು ಕಾರಣವೂ ಇರಬಹುದು. ಈ ಬೆಳಕಿಗೆ ಆಹಾರವೆಂದರೆ ನಕ್ಷತ್ರದ ಮೇಲೆ ಬಂದು ಬೀಳುವ ಅನಿಲ. ಅದು ಕಡಿಮೆಯಾದರೆ, ನಕ್ಷತ್ರದ ಜೊತೆ ವೇಗವಾಗಿ ತಿರುಗುವ ಕಾಂತಕ್ಷೇತ್ರ ಅದನ್ನು ಒಳಗೆ ಬಿಡದೆ ಹೊರಗೆ ಎಸೆದುಬಿಡುತ್ತದೆ. ಆಹಾರ ನಿಂತರೆ ಬೆಳಕೂ ಇಳಿಯಲೇಬೇಕು, ಅಲ್ವಾ?

ನಿಮ್ಮ ಎರಡು ಚಿತ್ರಗಳ ದಿನಾಂಕ ಒಮ್ಮೆ ನೋಡಿ. ಎಕ್ಸ್-2ರ ಪಕ್ಕದಲ್ಲೇ ಎಕ್ಸ್-1 ಎಂಬ ಇನ್ನೊಂದು ಮೂಲ ಇದೆ, ಅದೂ ಏರಿಳಿಯುತ್ತದೆ. ಎರಡನ್ನೂ ಬೇರೆ ಮಾಡಿ ತೋರಿಸುವಷ್ಟು ಚೂಪು ನೋಟ ಚಂದ್ರಾ ಎಂಬ ಎಕ್ಸ್-ರೇ ದೂರದರ್ಶಕಕ್ಕಿದೆ, ಅದರ ಚಿತ್ರಗಳನ್ನೇ ಹೋಲಿಸಿ.