60,000 ರೂಪಾಯಿಯಲ್ಲಿ ಹೊಡೆದಾಟಕ್ಕೆ ಆಗುವ ಮಧ್ಯಯುಗದ ಕವಚ ಸಿಗುತ್ತದಾ? (ಊರು ಕಾಸರಗೋಡು)

ನೀವು ಕೇಳಿದ್ದು ಇಷ್ಟು: ಮನೆ ಕುಂಬಳೆ ಕಡೆ, ಕೈಯಲ್ಲಿ 60,000 ರೂಪಾಯಿ ಉಂಟು, ಆನ್‌ಲೈನಿನಲ್ಲಿ 18,000ಕ್ಕೆ ತಲೆಯಿಂದ ಪಾದದವರೆಗಿನ ‘ಫುಲ್ ಸೂಟ್’ ಕಂಡಿದೆ. ಅದನ್ನೇ ತರಿಸಿ ಬುಹುರ್ತ್ (ಕವಚ ತೊಟ್ಟು ನಿಜವಾಗಿ ಹೊಡೆದಾಡುವ ಸ್ಪರ್ಧೆ) ಆಡಬಹುದಾ, ಅಥವಾ ಬೇರೆ ದಾರಿ ಉಂಟಾ?

ಆ ಸೂಟು ಬೇಡ. ಅದು ಹೋಟೆಲಿನ ಬಾಗಿಲಲ್ಲಿ ನಿಲ್ಲಿಸುವ ಸಾಮಾನು. ಗುರುತು ಹಿಡಿಯುವುದು ಸುಲಭ: ಜೊತೆಗೆ ಮರದ ಸ್ಟ್ಯಾಂಡ್ ಕೊಡುತ್ತಾರೆ, ಅಳತೆ ಕೇಳುವುದಿಲ್ಲ, ತಗಡಿನ ದಪ್ಪ ಎಲ್ಲೂ ಬರೆದಿರುವುದಿಲ್ಲ. ಬರೆದಿದ್ದರೂ 20 ಅಥವಾ 22 ಗೇಜ್ ಎಂದಿರುತ್ತದೆ. ಗೇಜ್ ಎಂದರೆ ತಗಡಿನ ದಪ್ಪದ ನಂಬರು, ನಂಬರು ಏರಿದಷ್ಟೂ ತಗಡು ತೆಳು. ನಮ್ಮಲ್ಲಿ ನಡೆಯುವ ಎಸ್‌ಡಬ್ಲ್ಯುಜಿ (ಬ್ರಿಟಿಷ್ ಗೇಜ್) ಲೆಕ್ಕದಲ್ಲಿ 20 ಗೇಜ್ ಎಂದರೆ 0.9 ಮಿ.ಮೀ., 22 ಎಂದರೆ 0.7 ಮಿ.ಮೀ. ಕಬ್ಬಿಣದ ಕೊಡಲಿ ಬಿದ್ದರೆ ಅದು ಹಪ್ಪಳ. ‘ವೇರಬಲ್’, ‘ಬ್ಯಾಟಲ್ ರೆಡಿ’ ಎಂಬ ಮಾತುಗಳಿಗೆ ಯಾವ ಅಳತೆಯೂ ಇಲ್ಲ, ಯಾರು ಬೇಕಾದರೂ ಬರೆದುಕೊಳ್ಳಬಹುದು. ನೆನಪಿಡಬೇಕಾದ ಗೇಜುಗಳು ಮೂರೇ: 14 ಎಂದರೆ 2 ಮಿ.ಮೀ., 16 ಎಂದರೆ 1.6, 18 ಎಂದರೆ 1.2.

ದುಡ್ಡು ತೆಗೆಯುವ ಮೊದಲು ಯಾರ ನಿಯಮದಲ್ಲಿ ಆಡುತ್ತೀರಿ ಎಂದು ನಿಶ್ಚಯಿಸಿ. ಬುಹುರ್ತ್‌ನಲ್ಲಿ ಅಂಚು ಮೊಂಡಾದ ಉಕ್ಕಿನ ಆಯುಧ, ಜೊತೆಗೆ ತಳ್ಳಾಟ, ಕೆಡಹುವುದು ಎಲ್ಲ ಉಂಟು. 1966ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಹುಟ್ಟಿದ ಎಸ್‌ಸಿಎ (ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ) ಎಂಬ ಸಂಘದ ಪದ್ಧತಿಯಲ್ಲಿ ಹೊಡೆಯುವುದು ಬೆತ್ತದ ಕತ್ತಿಯಿಂದ. ಅಲ್ಲಿ ಶಿರಸ್ತ್ರಾಣಕ್ಕೆ 16 ಗೇಜ್ ಸಾಕು, ಮುಖದ ಕಂಡಿಯೊಳಗೆ ಒಂದು ಇಂಚಿನ ಕೋಲು ಹೋಗಬಾರದು. ಬುಹುರ್ತ್‌ಗಾದರೆ ಮೈಲ್ಡ್ ಸ್ಟೀಲಿನ (ಹದ ಹಾಕದ ಸಾದಾ ಉಕ್ಕಿನ) ಶಿರಸ್ತ್ರಾಣ 2 ಮಿ.ಮೀ.ಗಿಂತ ಕಡಿಮೆ ಇದ್ದರೆ ನಾನಂತೂ ತಲೆಗೆ ಇಡಲು ಹೇಳುವುದಿಲ್ಲ. ಇನ್ನೊಂದು ತೊಡಕು: ಬುಹುರ್ತ್ ಸ್ಪರ್ಧೆಗಳಲ್ಲಿ ಮೈಮೇಲಿನ ಭಾಗಗಳೆಲ್ಲ ಒಂದೇ ಕಾಲದ, ಒಂದೇ ಪ್ರದೇಶದ ಮಾದರಿ ಆಗಿರಬೇಕು ಎನ್ನುತ್ತಾರೆ. ಅಂದಚೆಂದ ನೋಡಿ ಒಂದೊಂದು ಶತಮಾನದಿಂದ ಒಂದೊಂದು ತುಂಡು ತಂದರೆ ಅಲ್ಲಿ ಸಲ್ಲದು. ಕಡಿಮೆ ಖರ್ಚಿಗೆ ಹೇಳಿ ಮಾಡಿಸಿದ್ದು 14ನೇ ಶತಮಾನದ ಉತ್ತರಾರ್ಧ. ಆ ಕಾಲದ ಕವಚದಲ್ಲಿ ಸಣ್ಣ ತಗಡು, ಬಟ್ಟೆ, ಚರ್ಮದ ಕೆಲಸ ಹೆಚ್ಚು, ದೊಡ್ಡ ತಗಡು ಬಡಿದು ಬಗ್ಗಿಸುವ ಕೆಲಸ ಕಡಿಮೆ.

ಮಾರುವವರ ಮಾತು ನಂಬುವ ಬದಲು ತೂಕ ಕೇಳಿ. ಉಕ್ಕಿನ ತಗಡು 1 ಮಿ.ಮೀ. ದಪ್ಪಕ್ಕೆ ಚದರಡಿಗೆ ಹತ್ತಿರಹತ್ತಿರ 730 ಗ್ರಾಂ ತೂಗುತ್ತದೆ. 2 ಮಿ.ಮೀ. ಆದರೆ ಸುಮಾರು ಒಂದೂವರೆ ಕಿಲೋ. ಮುಖಮುಚ್ಚಿಕೆ ಇರುವ ಬ್ಯಾಸಿನೆಟ್ ಶಿರಸ್ತ್ರಾಣಕ್ಕೆ ಎರಡೂಕಾಲು, ಎರಡೂವರೆ ಚದರಡಿ ತಗಡು ಹಿಡಿಯುತ್ತದೆ. ಅದಕ್ಕೆ ತೂಗುವ ಚೈನ್‌ಮೇಲ್ (ಉಕ್ಕಿನ ಬಳೆ ಹೆಣೆದ ಜಾಲರಿ), ಒಳಮೆತ್ತೆ ಬಿಟ್ಟು ಬರೀ ತಗಡೇ ಮೂರೂಕಾಲು ಕಿಲೋ ದಾಟಬೇಕು. ‘2 ಮಿ.ಮೀ. ಸಾರ್, ತೂಕ 2 ಕಿಲೋ’ ಎಂದರೆ ಎರಡರಲ್ಲಿ ಒಂದು ಸುಳ್ಳು. ಅಂಚಿಗೆ ವರ್ನಿಯರ್ ಹಿಡಿದ ಫೋಟೊ ಕಳಿಸಿದರೂ ಸಾಲದು, ಅಂಚನ್ನು ಮಡಚಿರುತ್ತಾರೆ. ತಟ್ಟಿ ಗುಂಡಗೆ ಮಾಡುವಾಗ ತಗಡು ಎಳೆದುಕೊಂಡು ತೆಳುವಾಗುವುದು ನೆತ್ತಿಯ ಹತ್ತಿರ, ಪೆಟ್ಟು ಬೀಳುವುದೂ ಅಲ್ಲೇ. ಹಾಗಾಗಿ ಕೇಳಬೇಕಾದ್ದು ‘ಯಾವ ತಗಡಿನಿಂದ ಶುರು ಮಾಡಿದಿರಿ’ ಎಂದಲ್ಲ, ‘ತಟ್ಟಿದ ಮೇಲೆ ನೆತ್ತಿಯಲ್ಲಿ ಎಷ್ಟು ಉಳಿದಿದೆ’ ಎಂದು.

ಶಿರಸ್ತ್ರಾಣದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಉಳಿದದ್ದರಲ್ಲಿ ತಪ್ಪಿದರೆ ಗಾಯ, ಇದರಲ್ಲಿ ತಪ್ಪಿದರೆ ಮಿದುಳು. ಅಗ್ಗದವುಗಳನ್ನು ಎರಡು ಹೋಳು ಮಾಡಿ ನಡುವೆ ವೆಲ್ಡ್ ಮಾಡಿರುತ್ತಾರೆ. ವೆಲ್ಡಿಂಗ್ ತಪ್ಪಲ್ಲ, ಅಲ್ಲಲ್ಲಿ ಚುಕ್ಕೆ ಇಟ್ಟು ಮೇಲೆ ಪುಟ್ಟಿ ಬಳಿದು ಪೇಂಟ್ ಹೊಡೆಯುವುದು ತಪ್ಪು. ಒಳಭಾಗದ ಫೋಟೊ ಕೇಳಿ: ಬೆಸುಗೆ ಒಳಗೂ ಇಳಿದು ಒಂದೇ ಗೆರೆಯಾಗಿ ಕಾಣಬೇಕು. ಅಯಸ್ಕಾಂತ ಹಚ್ಚಿ ನೋಡಿದರೆ ಪುಟ್ಟಿ ದಪ್ಪ ಇರುವಲ್ಲಿ ಹಿಡಿತ ಸಡಿಲ. ಎರಡನೆಯ ದುರ್ಬಲ ಜಾಗ ಮುಖಮುಚ್ಚಿಕೆಯ ಕೀಲು. 3 ಮಿ.ಮೀ. ರಿವೆಟ್ ಹಾಕಿದ್ದರೆ ಪಕ್ಕದಿಂದ ಬಂದ ಒಂದೇ ಏಟಿಗೆ ಮುಖ ಬಯಲು. 6 ಮಿ.ಮೀ. ಪಿನ್ನು, ಒಳಗಿನಿಂದ ವಾಷರ್, ಮುಚ್ಚಿಕೆ ತನ್ನಷ್ಟಕ್ಕೆ ತೆರೆಯದಂತೆ ಕೆಳಗೊಂದು ಪಟ್ಟಿ ಅಥವಾ ಸ್ಪ್ರಿಂಗ್ ಕೊಂಡಿ ಬೇಕು.

ಮೆತ್ತೆ ಇಲ್ಲದ ಬರಿದಾದ ತಲೆಯ ಅಳತೆ ಕೊಡಬೇಡಿ. ತಲೆ ಸುತ್ತ 57 ಸೆ.ಮೀ. ಇದ್ದರೆ ಮೆತ್ತೆ ಸೇರಿ ಒಳಸುತ್ತಳತೆ 66ರಿಂದ 68 ಸೆ.ಮೀ. ಬೇಕಾಗುತ್ತದೆ. ಸುತ್ತಲೂ ಒಂದೂವರೆ ಸೆ.ಮೀ.ಯಾದರೂ ಜಾಗ ಸಿಗಬೇಕು. ಮೆತ್ತೆಗೆ ಸೋಫಾ ಸ್ಪಂಜು ಹಾಕಿದರೆ ಅದು ಏಟಿಗೆ ಪೂರಾ ಕುಸಿದು ಲೋಹ ನೇರ ತಲೆಬುರುಡೆಗೆ ತಾಗುತ್ತದೆ. ಗಟ್ಟಿ ಇವಿಎ ಫೋಮ್ (ಚಪ್ಪಲಿಯ ಅಟ್ಟೆಯಂಥದ್ದು) ಒಂದು ಪದರ, ಅದರೊಳಗೆ ಹೊಲಿದ ಹತ್ತಿಯ ಟೋಪಿ ಒಂದು, ಎರಡೂ ಅಂಚಿನ ತೂತುಗಳಿಗೆ ಕಟ್ಟಿ ತೂಗಿದ ಹಾಗೆ ಇರಬೇಕು. ಗಲ್ಲದ ಪಟ್ಟಿ ಬಿಗಿದು ತಲೆ ಜೋರಾಗಿ ಆಡಿಸಿದಾಗ ಶಿರಸ್ತ್ರಾಣ ತಲೆಯ ಜೊತೆಗೇ ತಿರುಗಬೇಕು. ತಲೆ ತಿರುಗಿ ಶಿರಸ್ತ್ರಾಣ ಹಿಂದೆ ಉಳಿದರೆ ಕಣ್ಣಿನ ಕಂಡಿ ಕಿವಿಯ ಹತ್ತಿರ ಬರುತ್ತದೆ, ಆಗ ನೀವು ಕುರುಡ. ಇಲ್ಲೊಂದು ಉಳಿತಾಯವೂ ಉಂಟು: ತಲೆಗೆ ಟೈಟಾನಿಯಂ, ಸ್ಪ್ರಿಂಗ್ ಸ್ಟೀಲ್ (ಹದ ಹಾಕಿ ಗಟ್ಟಿ ಮಾಡಿದ ಉಕ್ಕು) ಎಂದು ಹೆಚ್ಚು ಕೊಡಬೇಕಿಲ್ಲ. ಶಿರಸ್ತ್ರಾಣ ಭಾರ ಇದ್ದಷ್ಟೂ ಏಟಿಗೆ ತಲೆ ಎಗರುವುದು ಕಡಿಮೆ. ಹಗುರ ಲೋಹದ ದುಡ್ಡು ಕೈಕಾಲಿಗೆ ಹಾಕಿದರೆ ಪ್ರಯೋಜನ ಹೆಚ್ಚು.

ತಲೆಯ ನಂತರ ಕೈ. ಬೆರಳು ಬೆರಳಿಗೆ ಬಿಡಿಬಿಡಿಯಾದ ಉಕ್ಕಿನ ಕೈಗವಸು ನೋಡಲು ಚೆಂದ, ಆದರೆ ಅಗ್ಗದ್ದರಲ್ಲಿ ಬೆರಳ ತಗಡು ಚಪ್ಪಟೆಯಾಗಿ ಒಳಗಿನ ಬೆರಳನ್ನೇ ಅಮುಕುತ್ತದೆ. ನಾಲ್ಕು ಬೆರಳಿಗೂ ಒಂದೇ ಚಿಪ್ಪು ಇರುವ ಮಿಟನ್ ಮಾದರಿ ಕೊಳ್ಳಿ. ಹೆಬ್ಬೆರಳಿನ ತಗಡು ಬುಡದಿಂದ ತುದಿವರೆಗೆ ಮುಚ್ಚಿದೆಯಾ, ಮುಷ್ಟಿ ಹಿಡಿದಾಗ ಮಣಿಕಟ್ಟಿನಲ್ಲಿ ಚರ್ಮ ಕಾಣುತ್ತದಾ ನೋಡಿ. ಕೋಲೊಂದನ್ನು ಹಿಡಿದು ಮೇಜಿನ ಮೇಲೆ ಕೈಯಿಟ್ಟು ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ಬಡಿದರೆ ಏಟು ಬೆರಳಿಗಲ್ಲ, ಕೋಲಿಗೆ ಹೋಗಬೇಕು.

ಇವೆರಡು ಕೊಳ್ಳುವಂಥವು. ಉಳಿದದ್ದು ಬಹಳಷ್ಟು ನಮ್ಮ ಊರಲ್ಲೇ ಆಗುತ್ತದೆ.

ಮೊದಲು ಗ್ಯಾಂಬಿಸನ್, ಅಂದರೆ ಒಳಗೆ ತೊಡುವ ಹೊಲಿದ ಅಂಗಿ. ಯಾಕೆ ಮೊದಲು ಎಂದರೆ ಮುಂದಿನ ಎಲ್ಲ ಅಳತೆಯೂ ಅದರ ಮೇಲಿನಿಂದಲೇ. ಬನಿಯನ್ ಮೇಲಿನ ಅಳತೆ ಕೊಟ್ಟು ತರಿಸಿದ ತೋಳ್ಗಾಪು ಗ್ಯಾಂಬಿಸನ್ ಹಾಕಿದ ಮೇಲೆ ಮುಚ್ಚುವುದೇ ಇಲ್ಲ, ಹೊಸಬರು ದುಡ್ಡು ಕಳೆಯುವುದು ಹೆಚ್ಚಾಗಿ ಇಲ್ಲಿ. 15ನೇ ಶತಮಾನದಲ್ಲಿ ಫ್ರಾನ್ಸಿನ ದೊರೆ 11ನೇ ಲೂಯಿಯ ಕಟ್ಟಳೆಯಲ್ಲಿ ಮೇಲಂಗಿಗೆ 30 ಪದರ, ಕನಿಷ್ಠ 25 ಪದರ ಬಟ್ಟೆ, ಮೇಲೊಂದು ಜಿಂಕೆ ತೊಗಲು ಎಂದಿತ್ತು. ಅದು ಬಟ್ಟೆಯೇ ಕವಚವಾದಾಗಿನ ಲೆಕ್ಕ. ಉಕ್ಕಿನ ಅಡಿಯಲ್ಲಿ ಹಾಕಲು 8ರಿಂದ 10 ಪದರ ಸಾಕು. ಹಳೆಯ ಮುಂಡು, ಬೈರಾಸುಗಳೇ ಒಳಪದರ, ಹೊರಗೆ ದಪ್ಪ ಕಾಟನ್. ಎಲ್ಲವನ್ನೂ ಮೊದಲೇ ನೀರಿಗೆ ಹಾಕಿ ಕುಗ್ಗಿಸಿ, ಆಮೇಲೆ 4–5 ಸೆ.ಮೀ. ಅಂತರದಲ್ಲಿ ಗೆರೆ ಹೊಲಿಸಿ. ಅಂಗಡಿ ಟೈಲರ್ ಮೆಷಿನ್ ಇದಕ್ಕೆ ಸೂಜಿ ಮುರಿದುಕೊಳ್ಳುತ್ತದೆ. ಬ್ಯಾಗ್, ಸೀಟ್ ಕವರ್ ಹೊಲಿಯುವವರಲ್ಲಿ ಕೊಡಿ. ಹಾಸಿಗೆಯವರು ತುಂಬಿಸುವ ಬೂರುಗದ ಹತ್ತಿ ಬೇಡ, ಬೆವರು ತಾಗಿ ಉಂಡೆಯಾಗಿ ಮೂಲೆ ಸೇರುತ್ತದೆ. ಕಂಕುಳು ಬಿಟ್ಟಿರಲಿ, ತೋಳನ್ನು ದಾರದಿಂದ ಕಟ್ಟಿ ಬಿಚ್ಚುವ ಹಾಗೆ ಮಾಡಿಸಿ. ಆಟಿಯ ಮಳೆಯಲ್ಲಿ ಇಡೀ ಅಂಗಿ ಒಣಗಬೇಕಾದರೆ ಮೂರು ದಿನ ಬೇಕು ಮಾರಾಯ್ರೆ.

ಎದೆ, ಬೆನ್ನಿಗೆ ನನ್ನ ಸಲಹೆ ವಿಸ್ಬಿ ಮಾದರಿಯ ತಗಡಿನ ಅಂಗಿ. 1361ರ ಜುಲೈಯಲ್ಲಿ ಈಗಿನ ಸ್ವೀಡನ್ನಿನ ಗೋಟ್ಲೆಂಡ್ ದ್ವೀಪದ ವಿಸ್ಬಿ ಪಟ್ಟಣದ ಹೊರಗೆ ನಡೆದ ಕಾಳಗದಲ್ಲಿ ಸತ್ತವರನ್ನು ಕವಚದ ಸಮೇತ ಹೂತಿದ್ದರು. ಅವನ್ನು ಅಗೆದು ತೆಗೆದ ಕಾರಣ ಯಾವ ತಗಡು ಎಲ್ಲಿತ್ತು ಎಂಬುದಕ್ಕೆ ನಕ್ಷೆಗಳೇ ಇವೆ. ನಮಗೆ ಲಾಭ ಏನೆಂದರೆ ತಗಡುಗಳು ಬಹುಪಾಲು ಆಯತಾಕಾರ, ಬಾಗುವುದು ಒಂದೇ ದಿಕ್ಕಿಗೆ. ಗೇಟು, ಗ್ರಿಲ್ ಮಾಡುವ ವರ್ಕ್‌ಶಾಪಿನಲ್ಲಿ ಆಗುವ ಕೆಲಸ. ಕೆಲಸ ಹೀಗೆ: ರಟ್ಟಿನಲ್ಲಿ ತುಂಡು ಕತ್ತರಿಸಿ ಗ್ಯಾಂಬಿಸನ್ ಮೇಲೆ ಟೇಪ್ ಅಂಟಿಸಿ, ಕೂತು ಎದ್ದು ಬಗ್ಗಿ ನೋಡಿ. ಪಕ್ಕದ ತುಂಡಿನ ಮೇಲೆ ಒಂದೂವರೆ ಸೆ.ಮೀ. ಹತ್ತಬೇಕು. ಸರಿಯಾದ ಮೇಲೆ 16 ಗೇಜಿನ ಸಿಆರ್ (ಕೋಲ್ಡ್ ರೋಲ್ಡ್ ಉಕ್ಕಿನ) ಶೀಟಿನಲ್ಲಿ ಕತ್ತರಿಸಿ, ಮೂಲೆ ಉರುಟು ಮಾಡಿ, ಅಂಚು ಅರ ಹಾಕಿ, ಆರು ಇಂಚಿನ ಪೈಪಿನ ಮೇಲಿಟ್ಟು ಬಾಗಿಸಿ. ಹೊರಗೆ ಎರಡು ಪದರ ಕ್ಯಾನ್ವಾಸ್ ಅಥವಾ 2–3 ಮಿ.ಮೀ. ಚರ್ಮ, ತಗಡು ಒಳಗೆ, 4 ಮಿ.ಮೀ. ಕಬ್ಬಿಣದ ರಿವೆಟ್, ಬಟ್ಟೆಯ ಬದಿಗೆ ವಾಷರ್. ಅಲ್ಯೂಮಿನಿಯಂ ಪಾಪ್ ರಿವೆಟ್ ಹೊಡೆಯಲು ಅವರು ಖಂಡಿತ ಹೇಳುತ್ತಾರೆ, ಬೇಗ ಮುಗಿಯುತ್ತದಲ್ಲ. ಒಪ್ಪಬೇಡಿ, ಮೊದಲ ಕುಸ್ತಿಯಲ್ಲೇ ಕತ್ತರಿಸಿ ಹೋಗುತ್ತದೆ. ಜಿಐ (ಸತು ಲೇಪಿಸಿದ) ಶೀಟೂ ಬೇಡ, ಬಿಸಿ ಮಾಡಿದರೆ ಸತುವಿನ ಹೊಗೆ ಎದೆಗೆ ಹೋಗುತ್ತದೆ. ಒಟ್ಟು 8 ಚದರಡಿ ತಗಡು ಹಿಡಿದರೆ ತೂಕ ಒಂಬತ್ತು ಕಿಲೋ ಚಿಲ್ಲರೆ. ಸೊಂಟಕ್ಕೆ ಬಿಗಿಯಾಗಿ ಕಟ್ಟಿದರೆ ಭಾರ ಹೆಗಲು ಬಿಟ್ಟು ಸೊಂಟಕ್ಕೆ ಇಳಿಯುತ್ತದೆ.

ಮೊಣಕೈ, ಮೊಣಕಾಲಿನ ಬಟ್ಟಲುಗಳಿಗೆ ಕಾರಿನ ಟಿಂಕರ್ ಕೆಲಸದವರ ಕೈ ಬೇಕು. ತಗಡನ್ನು ಗುಳಿಯಲ್ಲಿಟ್ಟು ತಟ್ಟುವ ಕಲೆ ಅವರಲ್ಲಿದೆ, ಆದರೆ ಅಭ್ಯಾಸ ಒಂದು ಮಿ.ಮೀ.ಗಿಂತ ತೆಳು ತಗಡಿನಲ್ಲಿ. 1.6 ಕೊಟ್ಟರೆ ಕಾಯಿಸಿ ತಟ್ಟಬೇಕಾಗುತ್ತದೆ ಎಂದು ಮೊದಲೇ ಹೇಳಿ. ಕಾಲಿನ ಅಳತೆಯಲ್ಲಿ ಸೊಂಟದಿಂದ ಮೊಣಕಾಲಿನ ನಡುವಿನವರೆಗೆ, ಅಲ್ಲಿಂದ ಹಿಮ್ಮಡಿಯ ಗಂಟಿನವರೆಗೆ ಎಂದು ಬೇರೆಬೇರೆ ಬರೆದಿಡಿ. ಎರಡು ಸೆ.ಮೀ. ತಪ್ಪಿದರೂ ಮೊಣಕಾಲು ಮಡಚುವಾಗ ತಗಡಿಗೆ ತಗಡು ಕಚ್ಚಿಕೊಳ್ಳುತ್ತದೆ. ಕಾಲ್ಗಾಪನ್ನು ಸೊಂಟದ ಅಗಲ ಪಟ್ಟಿಗೆ ತೂಗಹಾಕಬೇಕು, ತೊಡೆಗೆ ಬಿಗಿದು ನಿಲ್ಲಿಸಲು ಹೋದರೆ ರಕ್ತ ಓಡುವುದಿಲ್ಲ. ಒಳಗೆ ಕ್ರಿಕೆಟಿನ ಗಾರ್ಡ್, ತೊಡೆ ಪ್ಯಾಡ್, ಬಾಕ್ಸಿಂಗಿನ ಹಲ್ಲುಗಾಪು. ಹೊರಗೆ ಕಾಣದಿದ್ದರೆ ಯಾರ ತಕರಾರೂ ಇಲ್ಲ.

ಚೈನ್‌ಮೇಲ್ ಕುತ್ತಿಗೆಯ ಸುತ್ತ ಮತ್ತು ಕಂಕುಳಿಗೆ ಮಾತ್ರ ಸಾಕು, ಪೂರ್ತಿ ಅಂಗಿ ಕೊಂಡರೆ ದುಡ್ಡು, ಹತ್ತು ಕಿಲೋ ಭಾರ ಎರಡೂ ದಂಡ. ರಿವೆಟ್ ಹಾಕಿದ ಬಳೆಯೇ ಆಗಬೇಕು. ತುದಿಗೆ ತುದಿ ತಾಗಿಸಿ ಬಿಟ್ಟ ಬಳೆಗಳು ಏಟಿಗೆ ಬಾಯಿ ಬಿಟ್ಟು ಉದುರುತ್ತವೆ.

ಸೆಕೆಂಡ್‌ಹ್ಯಾಂಡ್ ಸಿಕ್ಕಿದರೆ ಒಳ್ಳೆಯದೇ. ಮೈಲ್ಡ್ ಸ್ಟೀಲ್ ತಗ್ಗಿದ್ದರೆ ತಟ್ಟಿ ಎಬ್ಬಿಸಬಹುದು. ಸ್ಪ್ರಿಂಗ್ ಸ್ಟೀಲ್ ತಗ್ಗುವುದು ಕಡಿಮೆ, ಆದರೆ ತೂತಿನ ಅಂಚಿನಲ್ಲಿ ಕೂದಲೆಳೆ ಬಿರುಕು ಬಿಡುತ್ತದೆ. ಕಂಡುಹಿಡಿಯಲು ಸೀಮೆಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ. ಬಿರುಕಿದ್ದರೆ ಎಣ್ಣೆ ಹೊರಬಂದು ಗೆರೆ ಮೂಡುತ್ತದೆ. ಅಂಥದ್ದನ್ನು ವೆಲ್ಡ್ ಮಾಡಿಸಿದರೂ ಪಕ್ಕದಲ್ಲೇ ಮತ್ತೆ ಒಡೆಯುತ್ತದೆ, ಬಿಟ್ಟುಬಿಡಿ. ವಿದೇಶದಿಂದ ತರಿಸುವುದಾದರೆ ಸುಂಕ ಬೀಳುವುದು ಸಾಮಾನಿನ ಬೆಲೆಗೆ ಮಾತ್ರವಲ್ಲ, ಸಾಗಣೆ, ವಿಮೆ ಸೇರಿದ ಮೊತ್ತಕ್ಕೆ. ಭಾರದ ಸಾಮಾನಿಗೆ ಅದು ಕಣ್ಣಿಗೆ ನೀರು ತರುವಷ್ಟಾಗುತ್ತದೆ. ಡೆಹ್ರಾಡೂನಿನಲ್ಲಿ ಹೊರದೇಶಕ್ಕೆಂದೇ ಕತ್ತಿ, ಕವಚ ಮಾಡುವವರಿದ್ದಾರೆ. ಕ್ಯಾಟಲಾಗಿನ ತುಂಡು ಬಿಟ್ಟು, ನಿಮ್ಮ ಅಳತೆ ಮತ್ತು ‘14 ಎಸ್‌ಡಬ್ಲ್ಯುಜಿ’ ಎಂದು ಬರಹದಲ್ಲಿ ಕೊಟ್ಟು ಆ ಕಡೆಯಿಂದ ಶಿರಸ್ತ್ರಾಣ ಮಾಡಿಸಲು ಮೊದಲು ಪ್ರಯತ್ನಿಸಿ.

60,000ವನ್ನು ಐದು ಪಾಲು ಮಾಡಿದರೆ ಎರಡು ಪಾಲು ತಲೆ ಮತ್ತು ಕುತ್ತಿಗೆಗೆ, ಒಂದು ಕೈಗವಸಿಗೆ, ಒಂದು ಗ್ಯಾಂಬಿಸನ್ ಮತ್ತು ಎದೆಗೆ, ಉಳಿದ ಒಂದರಲ್ಲಿ ಕೈಕಾಲಿನ ತಗಡು, ಪಟ್ಟಿ. ಕೊನೆಯದು ಸಾಲದೆ ಬಂದರೆ ಕಾಲು ಮುಂದಿನ ವರ್ಷಕ್ಕೆ ಇರಲಿ. ಅಷ್ಟರವರೆಗೆ ಸೊಂಟದ ಕೆಳಗೆ ಹೊಡೆಯದೆ ಅಭ್ಯಾಸ ಮಾಡಿ.

ಇನ್ನು ತುಕ್ಕು. ಯುರೋಪಿನವರ ಸಲಹೆ ಇಲ್ಲಿ ನಡೆಯುವುದಿಲ್ಲ, ಕಡಲ ಉಪ್ಪುಗಾಳಿಗೆ ಒರೆಸಿಟ್ಟ ತಗಡು ಮಾರನೇ ದಿನ ಕೆಂಪಾಗುತ್ತದೆ. ಆಟ ಮುಗಿದ ಕೂಡಲೇ ಒದ್ದೆ ಬಟ್ಟೆಯಲ್ಲಿ ಬೆವರಿನ ಉಪ್ಪು ತೆಗೆಯಿರಿ, ಒಣ ಬಟ್ಟೆಯಲ್ಲಿ ಒರೆಸಿ, ಫ್ಯಾನಿನಡಿ ಇಟ್ಟು, ಆಮೇಲೆ ಹೊಲಿಗೆ ಮೆಷಿನ್ ಎಣ್ಣೆ ತೆಳ್ಳಗೆ. ಮನೆಯಲ್ಲಿರುವುದು ತೆಂಗಿನೆಣ್ಣೆ, ಕೈ ಅದಕ್ಕೇ ಹೋಗುತ್ತದೆ. ಅದು ಕಮಟಾಗಿ ಅಂಟು ಹಿಡಿದು ಧೂಳು ಕೂರಿಸುತ್ತದೆ. ಮಳೆಗಾಲಕ್ಕೆ ಮುಚ್ಚಳ ಬಿಗಿಯುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಚರ್ಮದ ಪಟ್ಟಿ ತಗಡಿಗೆ ತಾಗಿಕೊಂಡೇ ಇದ್ದರೆ ಅಡಿಯಲ್ಲಿ ತುಕ್ಕು, ಮೇಲೆ ಬೂಷ್ಟು. ಒಳಬದಿಗೆ ಪಾಲಿಯೆಸ್ಟರ್ ಪಟ್ಟಿ ಹಾಕಿಸಿದರೆ ಆ ರಗಳೆಯೇ ಇಲ್ಲ. ಮೈಲ್ಡ್ ಸ್ಟೀಲ್ ತುಂಡುಗಳನ್ನು ಕಾಯಿಸಿ ಎಣ್ಣೆಯಲ್ಲಿ ಕಪ್ಪು ಮಾಡಿಸಬಹುದು, ಹದ ಹಾಕಿದ ಸ್ಪ್ರಿಂಗ್ ಸ್ಟೀಲಿಗೆ ಮಾತ್ರ ಬೆಂಕಿ ತೋರಿಸಬೇಡಿ, ಹದ ಇಳಿದು ಅದೂ ಮೆತ್ತಗಿನ ತಗಡೇ ಆಗುತ್ತದೆ.

ಕತ್ತಿ, ಕೊಡಲಿ ಈಗಲೇ ಕೊಳ್ಳಬೇಡಿ. ಮೊದಲ ವರ್ಷ ಜೊತೆಗಾರರ ಆಯುಧ ಸಾಕು. ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಕತ್ತಿಯೂ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗೂ ಹೆಸರಿಸಿಯೇ ಇವೆ. ಮೊಂಡು ಮಾಡಿದ್ದು ಎಂಬ ವಾದವನ್ನು ರಸ್ತೆಬದಿಯಲ್ಲಿ ಪೊಲೀಸರ ಮುಂದೆ ಮಾಡುವ ಬದಲು, ತರಿಸುವ ಮೊದಲು ಠಾಣೆಯಲ್ಲಿ ಕೇಳಿ ತಿಳಿದುಕೊಳ್ಳಿ.